ಬಲಕ್ಕ ನಿಂತು ಮಾತಾಡ್ರಿ

ನಾನು ಹೇಳಿದ ಚ್ಯಾಷ್ಟಿಯನ್ನು ಎರಡೆರಡು ಸಲ ಹೇಳಿಸಿಕೊಂಡು ನಗುತ್ತಿದ್ದವರು ಇಡೀ ಹುಬ್ಬಳ್ಳಿಯಲ್ಲಿ ಅವರೊಬ್ಬರೇ. "ಇನ್ನೊಮ್ಮೆ ಹೇಳು, ಮಜಾ ಐತಿ" ಅನ್ನುತ್ತಿದ್ದರು. ನಾನು ಉಬ್ಬಿಹೋಗಿ, ಕೈಕಾಲು ಆಡಿಸಿ, ದನಿ ಏರಿಸಿ ಇನ್ನೊಮ್ಮೆ ಹೇಳುತ್ತಿದ್ದೆ. ಆಗ ಅವರು ಹೊಟ್ಟೆ ಕುಣಿಸಿ ನಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ನನ್ನಂಥ ನಕಲಿಗಾರ ಧಾರವಾಡ ಜಿಲ್ಲೆಯಲ್ಲೇ ಹುಟ್ಟಿಲ್ಲ ಎಂದು ಆ ಎರಡು ವರ್ಷವೂ ನಂಬಿಕೊಂಡಿದ್ದೆ. ಮೊದಲನೇ ಸಲ ಹೇಳಿದ್ದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಹೋದ ತಿಂಗಳು ಅವರು ಹೋದರು. ಗೋಪನಕೊಪ್ಪದ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಅಡ್ಡಾದವರು ಮತ್ತೆ ಏಳಲಿಲ್ಲ. ಹೆಸರು ಬರೆದರೂ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಆ ಹೆಸರಿದ್ದದ್ದು ಅವರ ರೇಡಿಯೋ ಲೈಸೆನ್ಸಿನ ಪುಸ್ತಕದಲ್ಲಿ ಮಾತ್ರ. ನಮ್ಮಪ್ಪನಿಗೂ ಅವರು ಕಾಕಾ, ನನಗೂ ಕಾಕಾ, ಅವರ ಅಂಗಡಿಯ ಎದುರಿನ ಚಹಾದಂಗಡಿಯವನ ಮೊಮ್ಮಗನಿಗೂ ಕಾಕಾ.

ಅಂಗಡಿ ಇದ್ದದ್ದು ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ. ಅವರ ಮನೆತನದವರು ಜೋಳ, ಹತ್ತಿಯ ವ್ಯಾಪಾರಸ್ಥರು. ಹಣೆತುಂಬ ವಿಭೂತಿ, ಬಾಯಿತುಂಬ ಶಿವನಾಮ, ಕೈಯಲ್ಲಿ ತಕ್ಕಡಿ. ಇವರೊಬ್ಬರು ತಕ್ಕಡಿ ಬಿಟ್ಟು ರೇಡಿಯೋ ಹಿಡಿದರು. ಯಾಕೆಂದು ಕೇಳಿದರೆ, "ಅಣ್ಣಗೋಳು ಜೋಳ ತೂಗತಾರ, ನಾ ದನಿ ತೂಗತೀನಿ, ಮನಿತನದ ಉದ್ಯೋಗ ಎಲ್ಲಿ ಬಿಟ್ಟೆ?" ಅನ್ನುತ್ತಿದ್ದರು. ಗಿರಾಕಿ ಬಂದು ರೇಡಿಯೋ ಕೆಟ್ಟೈತಿ ಅಂದರೆ ಒಪ್ಪುತ್ತಿರಲಿಲ್ಲ. "ಕೆಟ್ಟಿಲ್ಲರಿ, ಬ್ಯಾಸರಾಗೈತಿ" ಎಂದು ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಒಳಗಿಡುತ್ತಿದ್ದರು. ಬಿಳೀ ಧೋತರ, ತೋಳು ಮಡಚಿದ ಅಂಗಿ, ಎಡಗಿವಿಯ ಮೇಲೆ ಸಣ್ಣದೊಂದು ಸ್ಕ್ರೂ ಡ್ರೈವರ್. ಅಕ್ಕಸಾಲಿಗನೂ ಅಲ್ಲ, ಗುಮಾಸ್ತನೂ ಅಲ್ಲ, ಇದೇನು ಕಾಕಾ ಕಿವಿಗೆ ಕಬ್ಬಿಣ ಎಂದು ನಾನು ಕಾಡಿದರೆ, "ಆ ಕಿವಿಗೆ ಬ್ಯಾರೆ ಕೆಲಸ ಇಲ್ಲೋ" ಎಂದು ನಗುತ್ತಿದ್ದರು. ಖರೇ ಮಾತನ್ನು ಎದುರಿಗೇ ಇಟ್ಟಿದ್ದರು. ನನಗೆ ಅದೂ ಚ್ಯಾಷ್ಟಿ ಅನ್ನಿಸಿತ್ತು.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರವರು ಹೇಳುತ್ತಾರೆ. ಹಗಲೆಲ್ಲ ನಾನು ಹತ್ತಿಯ ಪೇಢಿಯೊಂದರಲ್ಲಿ ಕಾರಕೂನ. ಸಂಜೆಗೆ ಆರ್ಕೆಸ್ಟ್ರಾದಲ್ಲಿ ಹಾಡುಹಾಡಿನ ನಡುವೆ ಎದ್ದು ನಿಂತು ನಕಲಿ ಮಾಡುವವನು. ಉಗಿಬಂಡಿ ಹೊರಡುವುದು, ಧಾರವಾಡದ ಪ್ರೊಫೆಸರು ಸಾವಕಾಶ ಸಿಟ್ಟಿಗೇಳುವುದು, ರಾಯಾಪುರದ ಹತ್ತಿರ ಬಸ್ಸು ನಿಂತಾಗ ಕಂಡಕ್ಟರನು ಡ್ರೈವರನ ಮೇಲೆ ತಪ್ಪು ಹಾಕುವುದು, ಇವು ನನ್ನ ಸರಕು. ಮುಖ ನೋಡಿ ಯಾರೂ ಹೆಣ್ಣು ಕೊಡದ ಕಾರಣ ಊರವರ ಮುಖವನ್ನೆಲ್ಲ ಕಡ ತಂದು ತಿರುಗುತ್ತಾನೆ ಎಂದು ನಮ್ಮವ್ವ ನನ್ನ ಬಗ್ಗೆ ಹೇಳುತ್ತಿದ್ದಳು. ಅವಳ ದನಿಯನ್ನೂ ನಾನು ಛಲೋ ಮಾಡುತ್ತೇನೆ.

ಆರ್ಕೆಸ್ಟ್ರಾದಲ್ಲಿ ಗಿಟಾರ್ ಡೇನಿಯಲ್‌ನದು. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ನನಗಿಂತ ಹತ್ತು ವರ್ಷ ದೊಡ್ಡವನು. ಹವಾಯನ್ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತ ಬಲಗೈಯಿಂದ ಮೀಟುತ್ತಿದ್ದ. ಕೂಸಿಗೆ ಎಣ್ಣೆ ಹಚ್ಚಿದಂತೆ ಕಾಣುತ್ತದೆ ಎಂದು ನಾನು ಅಂದದ್ದಕ್ಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ನುಡಿಸಿದರೆ ಎಣ್ಣೆಯಷ್ಟೇ ನುಣುಪು. ಆದರೆ ತಬಲಾ, ಅಕಾರ್ಡಿಯನ್ನಿನ ಗದ್ದಲದಲ್ಲಿ ಮೂರನೇ ಸಾಲಿನಾಚೆ ಅದು ಕೇಳುತ್ತಿರಲಿಲ್ಲ.

ಅದಕ್ಕೆಂದು ಕಾಕಾ ಪಿಕಪ್ ಮಾಡಿಕೊಟ್ಟರು. ಎರಡು ಬೆಂಕಿಪೆಟ್ಟಿಗೆ ಸಾಲಾಗಿ ಇಟ್ಟಷ್ಟು ಉದ್ದದ ಡಬ್ಬಿ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಎಳೆ ಸಾವಿರಾರು ಸುತ್ತು. ಗಿಟಾರಿನ ತಂತಿಗಳ ಕೆಳಗೆ ಅದನ್ನು ಕೂರಿಸಿದರೆ, ಮೇಲೆ ತಂತಿ ನಡುಗಿದ್ದು ಕೆಳಗೆ ಕರೆಂಟಾಗಿ ಸ್ಪೀಕರಿಗೆ ಹೋಗಿ ದನಿಯಾಗುತ್ತದೆ. ಆ ಎಳೆಯನ್ನು ಸುತ್ತಿದ್ದು ಕಾಕೂ ಅವರ ಹೊಲಿಗೆಯ ಮಷೀನಿನ ಚಕ್ರದಿಂದ. ಕಾಕೂ ಅಂದರೆ ಕಾಕಾನ ಹೆಂಡತಿ, ಓಣಿಯ ಅರ್ಧ ಹೆಣ್ಣುಮಕ್ಕಳಿಗೆ ಜಂಪರ್ ಹೊಲಿದುಕೊಡುವವರು. ಆ ಹದಿನೈದು ದಿನ ಓಣಿಯಲ್ಲಿ ಯಾರಿಗೂ ಹೊಸ ಜಂಪರ್ ಇಲ್ಲ.

ಪಿಕಪ್ಪಿನ ಮೇಲೆ ಆರು ಸ್ಕ್ರೂ, ಒಂದೊಂದು ತಂತಿಯ ಕೆಳಗೆ ಒಂದೊಂದು. ಸ್ಕ್ರೂ ಏರಿಸಿ ತಂತಿಗೆ ಹತ್ತಿರ ತಂದರೆ ಆ ತಂತಿಯ ದನಿ ದೊಡ್ಡದಾಗುತ್ತದೆ, ಇಳಿಸಿದರೆ ಕಡಿಮೆಯಾಗುತ್ತದೆ. ಭಾಳ ಹತ್ತಿರ ತಂದರೆ ಮಾತ್ರ ಅಯಸ್ಕಾಂತ ತಂತಿಯನ್ನು ಜಗ್ಗಿ ಹಿಡಿದು ಅದರ ಶ್ರುತಿಯನ್ನೇ ಕೆಡಿಸುತ್ತದೆ. ಆರನೇ ದಪ್ಪ ತಂತಿಗೆ ಕಾಕಾ ಇಟ್ಟ ಹೆಸರು ಗೌಡ್ರು. ಒಂದನೇ ಸಣ್ಣ ತಂತಿ ಸಣ್ಣ ಸೊಸಿ. "ಮನ್ಯಾಗ ಗೌಡ್ರ ದನಿನೂ ಕೇಳಬೇಕು, ಸಣ್ಣ ಸೊಸಿ ದನಿನೂ ಕೇಳಬೇಕು. ಒಬ್ರ ದನಿ ಒಬ್ರ ಮ್ಯಾಲ ಬೀಳಬಾರದು" ಎಂದು ಹೇಳುತ್ತ ಸ್ಕ್ರೂಗಳನ್ನು ಕಾಲುಸುತ್ತು, ಅರೆಸುತ್ತು ತಿರುಗಿಸುತ್ತಿದ್ದರು. ಕಾರ್ಯಕ್ರಮವಿದ್ದಾಗಲೆಲ್ಲ ಡೇನಿಯಲ್ ಗಿಟಾರನ್ನು ಅಂಗಡಿಗೆ ತಂದು ಅವರ ಕೈಯಿಂದ ಹದ ಮಾಡಿಸಿಕೊಂಡೇ ಒಯ್ಯುತ್ತಿದ್ದ.

ಹದ ಮಾಡುವಾಗ ಅವರದೊಂದು ಪದ್ಧತಿ ಇತ್ತು. ಸ್ಪೀಕರನ್ನು ಅಂಗಾತ ಮಲಗಿಸಿ, ಅದರ ಕಾಗದದ ಮೇಲೆ ಒಂದು ಚಿಟಿಕೆ ಚುರಮರಿ ಉದುರಿಸುತ್ತಿದ್ದರು. ಡೇನಿಯಲ್ ತಂತಿ ಮೀಟಿದರೆ ಚುರಮರಿ ಮೇಲಕ್ಕೆ ಹಾರುತ್ತಿತ್ತು. ಯಾವ ತಂತಿಗೆ ಎಷ್ಟು ಎತ್ತರ ಹಾರಿತೆಂದು ಕಾಕಾ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ ಬಸಿ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಮುಗಿದ ಮೇಲೆ ಆ ಚುರಮರಿಯನ್ನು ನಾನು ತಿಂದುಬಿಡುತ್ತಿದ್ದೆ. ಮೊದಲೆಲ್ಲ ಚುರಮರಿಯ ಆಟ ಆದಮೇಲೆ ಕಾಕಾ ಕಣ್ಣು ಮುಚ್ಚಿ ಒಮ್ಮೆ ಕೇಳಿ, ಮತ್ತೆ ಒಂದೆರಡು ಸ್ಕ್ರೂ ಸರಿಪಡಿಸುತ್ತಿದ್ದರು. ಆಮೇಲೊಮ್ಮೆ ಆ ಕಣ್ಣು ಮುಚ್ಚುವುದು ನಿಂತುಹೋಯಿತು. ಅದು ಯಾಕೆಂದು ಯಾರೂ ಕೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ಧಾರವಾಡದ ಕಾಲೇಜೊಂದರ ಗ್ಯಾದರಿಂಗಿಗೆ ನಮ್ಮ ಆರ್ಕೆಸ್ಟ್ರಾ ಕರೆಸಿದರು. ಕಾಕಾ, ಕಾಕೂ ಇಬ್ಬರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆವು. ಹಿಂದಿನ ದಿನವಷ್ಟೇ ಗಿಟಾರ್ ಹದವಾಗಿ ಬಂದಿತ್ತು. ಡೇನಿಯಲ್ ಮೊದಲ ಹಾಡು ಎತ್ತಿದ. ಸಣ್ಣ ಸೊಸೆ ಕಿಟಾರನೆ ಚೀರಿದಳು. ಗೌಡರು ಮನೆಯಲ್ಲೇ ಇರಲಿಲ್ಲ. ಹುಡುಗರು ಕಿವಿ ಮುಚ್ಚಿಕೊಂಡರು, ಹಿಂದಿನಿಂದ ಸೀಟಿ ಬಂತು. ಡೇನಿಯಲ್ ಬೆವರುತ್ತ ನನ್ನ ಕಡೆ ನೋಡಿದ. ಗಿಟಾರ್ ಬದಿಗಿಟ್ಟು ಹಾರ್ಮೋನಿಯಂ ತರುವತನಕ ನಾನು ಸಭೆಯನ್ನು ಹಿಡಿದಿಡಬೇಕಿತ್ತು.

ಉಗಿಬಂಡಿ ಬಿಟ್ಟೆ, ಪ್ರೊಫೆಸರು ಮಾಡಿದೆ. ಸಾಲಲಿಲ್ಲ. ಆಗ ಕಣ್ಣಿಗೆ ಬಿದ್ದವರು ಮುಂದಿನ ಸಾಲಿನ ಕಾಕಾ. ಪೆನ್ನು ತೆಗೆದು ಎಡಗಿವಿಗೆ ಸಿಗಿಸಿದೆ. ಇಲ್ಲದ ಗಿರಾಕಿಯ ತೋಳು ಹಿಡಿದು ಜಗ್ಗಿ ನನ್ನ ಬಲಕ್ಕೆ ತಂದು ನಿಲ್ಲಿಸಿದೆ. ತಲೆಯನ್ನು ಬಲಕ್ಕೆ ವಾಲಿಸಿ, ಅವನ ಬಾಯನ್ನೇ ನೋಡುತ್ತ, "ಇನ್ನೊಮ್ಮೆ ಹೇಳು, ಮಜಾ ಐತಿ" ಅಂದೆ. ಗಿರಾಕಿ ರೇಡಿಯೋದ ಮಾತಾಡಿದರೆ ನಾನು ಮಳೆಯ ಉತ್ತರ ಕೊಟ್ಟೆ. ಇಲ್ಲದ ಚುರಮರಿಯನ್ನು ಇಲ್ಲದ ಸ್ಪೀಕರಿನ ಮೇಲೆ ಉದುರಿಸಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡೆ. ಸಭೆ ಬಿದ್ದು ಬಿದ್ದು ನಕ್ಕಿತು. ಕಾಕಾನೂ ನಕ್ಕರು. ಅವರ ಬಲಗಡೆ ಕೂತಿದ್ದ ಕಾಕೂ ಮಾತ್ರ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

ನಾನು ಅವರನ್ನು ಕಂಡ ಹಾಗೆ ಮಾಡಿದ್ದೆ, ಅಷ್ಟೇ. ಕಂಡದ್ದರ ಅರ್ಥ ನನಗೆ ಗೊತ್ತಿರಲಿಲ್ಲ. ಡೇನಿಯಲ್‌ನಿಗೆ ಗೊತ್ತಾಯಿತು. ಸಾಮಾನು ಕಟ್ಟುವಾಗ ಅವನು ನನ್ನನ್ನು ಬದಿಗೆ ಕರೆದು, ನೀನು ಮಾಡಿದ್ದನ್ನು ನೋಡಿದ ಮೇಲೆ ತಿಳಿಯಿತು, ಮನುಷ್ಯನಿಗೆ ಕಿವಿ ಕೇಳಿಸುವುದಿಲ್ಲ ಅಂದ. ಸೋಮವಾರ ರೈಲ್ವೆ ಪಾಸಿನ ಮೇಲೆ ಪುಣೆಗೆ ಹೋಗಿ, ಅಲ್ಲಿ ಒಬ್ಬರ ಹತ್ತಿರ ಬೇರೆ ಪಿಕಪ್ ಕೂಡಿಸಿಕೊಂಡು ಬರುತ್ತೇನೆ ಅಂದ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವವರೆಗೂ ನನ್ನ ಬಾಯಿಂದ ಒಂದು ದನಿಯೂ ಹೊರಡಲಿಲ್ಲ. ತಬಲಾದವನು ನನಗೆ ಜ್ವರ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡಿದ.

ಮರುದಿನ ಶನಿವಾರ. ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ ಮೂರನೇ ಸಲ ಒಳಗೆ ಹೊಕ್ಕೆ. ಕಾಕಾ ಒಂದು ರೇಡಿಯೋದ ಬೆನ್ನು ಬಿಚ್ಚಿಕೊಂಡು ಕೂತಿದ್ದರು. ತಪ್ಪಾಯಿತು ಎಂದು ನಾನು ಬಾಯಿ ತೆರೆಯುವುದರೊಳಗೆ ಅವರೇ ಅಂದರು:

"ನಿನ್ನೆ ಮಾಡಿದ್ದು ಇನ್ನೊಮ್ಮೆ ಮಾಡು."

ಮಜಾ ಐತಿ ಅನ್ನಲಿಲ್ಲ. ಖಾಲಿ ಅಂಗಡಿಯಲ್ಲಿ, ಒಬ್ಬರೇ ಒಬ್ಬರ ಎದುರಿಗೆ, ಅವರನ್ನೇ ಮಾಡಿದೆ. ನನ್ನ ಜನ್ಮದಲ್ಲಿ ಅಷ್ಟು ಉದ್ದದ ನಕಲಿ ಮಾಡಿಲ್ಲ. ಅವರು ಕ್ಷೌರದಂಗಡಿಯಲ್ಲಿ ಕನ್ನಡಿ ನೋಡುವವರ ಹಾಗೆ ಅಲುಗಾಡದೆ ನೋಡಿದರು.

"ನಾ ಹಿಂಗ ಮಾಡ್ತೀನೇನು?"

"ಹೂಂ ರಿ, ಕಾಕಾ."

"ಎಲ್ಲಾರ್ನೂ ಬಲಕ್ಕ ಜಗ್ಗತೀನಿ?"

"ಎಲ್ಲಾರ್ನೂ ರಿ."

ಅವರು ಕಿವಿಯ ಮೇಲಿನ ಸ್ಕ್ರೂ ಡ್ರೈವರ್ ತೆಗೆದು ಮೇಜಿನ ಮೇಲಿಟ್ಟರು. "ಛಲೋ ಮಾಡ್ತೀ. ಆದ್ರ ಭಾಳ ಹತ್ರ ಬಂದೀಯಪಾ" ಅಂದರು. ಆಮೇಲೆ ಒಂದೊಂದಾಗಿ ಹೇಳಿದರು. ಎಡಗಿವಿ ಹೋಗಿ ಆರು ವರ್ಷವಾಗಿತ್ತು. ಬಲಗಿವಿಯಲ್ಲಿ ಮೊದಲು ಗುಬ್ಬಿಗಳು ಹೋದವು. ಗುಬ್ಬಿಗಳು ಬಾಯಿ ತೆರೆಯುತ್ತಿದ್ದವು, ದನಿ ಬರುತ್ತಿರಲಿಲ್ಲ. ಆಮೇಲೆ ಸೈಕಲ್ಲಿನ ಗಂಟೆ ಹೋಯಿತು. ದಪ್ಪ ದನಿ ಇನ್ನೂ ಇದೆ, ಸಣ್ಣ ದನಿ ಇಲ್ಲ. ಅಂಗಡಿಗೆ ಬಂದವರು ಹೇಳಿದ್ದನ್ನು ಕಾಕೂ ಬಲಗಡೆ ಕೂತು, ಜಂಪರಿಗೆ ಗುಂಡಿ ಹಚ್ಚುತ್ತ, ತಗ್ಗಿನ ದನಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ನಿನ್ನೆ ಸಭೆ ಯಾಕೆ ನಕ್ಕಿತೆಂದು ಮನೆಗೆ ಹೋಗಿ ಅವರನ್ನೇ ಕೇಳಿದ್ದರಂತೆ. ಎಲ್ಲರೂ ನಕ್ಕಾಗ ಇವರೂ ನಕ್ಕಿದ್ದರು, ಅಷ್ಟೇ. ಕಾಕೂ ಎಲ್ಲ ಹೇಳಿ ಅತ್ತರಂತೆ.

ಗಿಟಾರಿನ ಮಾತನ್ನು ಅವರೇ ತೆಗೆದರು. ಒಂದನೇ ತಂತಿ ಹೇಗಿತ್ತೆಂದು ಕೇಳಿದರು. ಚೀರುತ್ತಿತ್ತು ಅಂದೆ. ಆರನೆಯದು? ಕೇಳಿಸಲಿಲ್ಲ ಅಂದೆ. ಅವರು ಚುರಮರಿಯ ಡಬ್ಬಿಯ ಕಡೆ ನೋಡಿದರು.

"ದಪ್ಪ ತಂತಿ ಸ್ಪೀಕರಿನ ಕಾಗದಾನ ದೂಡತೈತಿ, ಸಣ್ಣದು ಬರೇ ನಡಗಸತೈತಿ. ಚುರಮರಿ ದೂಡಿದ್ದಕ್ಕ ಹಾರತೈತಿ. ಎಲ್ಲಾ ಒಂದೇ ಎತ್ತರ ಹಾರಬೇಕಂತ ಹಟ ಹಿಡದ್ರ ಗೌಡ್ರು ಕೆಳಗ ಹೋಗತಾರ, ಸೊಸಿ ಮಾಳಗಿ ಏರತಾಳ. ಇದು ನನಗ ಗೊತ್ತಿತ್ತೋ. ಕಿವಿ ಇದ್ದಾಗ ಚುರಮರಿದು ಅರ್ಧಾ ಮಾತು ನಂಬತಿದ್ದೆ. ಈಗ ಪೂರಾ ನಂಬಿದೆ."

ಪುಣೆಯ ಸುದ್ದಿ ಹೇಳದೆ ನಿರ್ವಾಹವಿರಲಿಲ್ಲ, ಹೇಳಿದೆ. ಗಿಟಾರ್ ಪುಣೆಗೆ ಹೋದರೆ ಯಾಕೆ ಹೋಯಿತೆಂದು ಆರ್ಕೆಸ್ಟ್ರಾದವರು ಕೇಳುತ್ತಾರೆ, ಅವರಿಂದ ಚಹಾದಂಗಡಿಗೆ, ಚಹಾದಂಗಡಿಯಿಂದ ಊರಿಗೆ. ಹುಬ್ಬಳ್ಳಿಯಲ್ಲಿ ಸುದ್ದಿಗೆ ಟಾಂಗಾ ಬೇಕಿಲ್ಲ. "ಕಿವುಡನ ಕೈಯಾಗ ರೇಡಿಯೋ ಯಾರು ಕೊಡತಾರೋ ತಮ್ಮಾ" ಅಂದರು. ನಲವತ್ತು ವರ್ಷ ದನಿ ತೂಗಿದ ಮನುಷ್ಯನ ತಕ್ಕಡಿಯನ್ನು ನಾನು ಸ್ಟೇಜಿನ ಮೇಲೆ ಒಂದು ಪೆನ್ನಿನಿಂದ ಮುರಿದಿದ್ದೆ.

ಆಗ ನಾನೇ ಒಂದು ಮಾತು ಅಂದೆ. ಸಣ್ಣ ದನಿ ತಾನೇ ಕೇಳಿಸದ್ದು, ತಂತಿ ಎಷ್ಟು ಜೋರಾಗಿ ಬರುತ್ತದೋ ಅಷ್ಟೇ ಜೋರಿನಲ್ಲಿ ನಾನು ದಪ್ಪ ದನಿಯಿಂದ ಹೇಳಿದರೆ? ಅವರಿಗೆ ಅರ್ಥವಾಗಲಿಲ್ಲ. ಮಾಡಿ ತೋರಿಸಿದೆ. ಮೇಜಿನ ಮೇಲಿನ ಚಮಚವನ್ನು ಬಸಿಗೆ ಬಡಿದು, ಅದರ ಜೋರನ್ನು ಮಾತ್ರ ಹಿಡಿದು, ಹೊಟ್ಟೆಯಿಂದ ಭೂಂ ಅಂದೆ. ಮೆಲ್ಲಗೆ ಬಡಿದು ಮೆಲ್ಲಗೆ ಭೂಂ ಅಂದೆ. ಕಾಕಾ ಎದ್ದು ಬಂದು ನನ್ನ ಗಂಟಲ ಮೇಲೆ ಕೈಯಿಟ್ಟರು. "ಇನ್ನೊಮ್ಮೆ" ಅಂದರು.

ಭಾನುವಾರ ಮುಂಜಾನೆ ಡೇನಿಯಲ್‌ನನ್ನು ಕರೆತರಲು ನಾನು ಪಟ್ಟ ಪಾಡು ಬೇಡ. ಚರ್ಚು ಮುಗಿಸಿ ಬರುವವನನ್ನು ರಸ್ತೆಯಲ್ಲೇ ಹಿಡಿದೆ. ಪುಣೆಯ ಬಂಡಿಗೆ ಇನ್ನೂ ಒಂದು ದಿನವಿದೆ, ಒಂದು ತಾಸು ಕೊಡು ಎಂದು ಗೋಗರೆದೆ. ಕೊಟ್ಟ. ಆದರೆ ಅಂಗಡಿಯಲ್ಲಿ ಕೂತು ಗಡಿಯಾರ ಬಿಚ್ಚಿ ಎದುರಿಗೇ ಇಟ್ಟುಕೊಂಡ. ಯಾವ ತಂತಿ ಸ್ವಲ್ಪ ಹೆಚ್ಚು, ಯಾವುದು ಸ್ವಲ್ಪ ಕಡಿಮೆ ಎಂದು ನಾನೇ ಹೇಳುತ್ತೇನಲ್ಲ ಅಂದ. ಸ್ವಲ್ಪ ಅಂದರೆ ಎಷ್ಟು ಎಂದು ಕಾಕಾ ಕೇಳಿದರು. ಸ್ವಲ್ಪ ಅಂದರೆ ಸ್ವಲ್ಪ ಎಂದು ಅವನು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ.

ಶುರುವಿಗೆ ಮುನ್ನ ಕಾಕಾ ನನ್ನ ಕಡೆ ತಿರುಗಿದರು. "ಇವತ್ತ ನಗಸಬ್ಯಾಡ. ಇದ್ದಷ್ಟ ಹೇಳು."

ನಕಲಿಗಾರನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಮೂಗು ಉದ್ದವಿದ್ದರೆ ಮೊಳ ಮಾಡುವುದು, ಕುಂಟಿದರೆ ಉರುಳಿಸುವುದು, ಅದೇ ನಮ್ಮ ಹೊಟ್ಟೆಪಾಡು. ಅವತ್ತು ಕಣ್ಣು ಮುಚ್ಚಿ ಕೂತೆ. ಡೇನಿಯಲ್ ಆರನೇ ತಂತಿ ಮೀಟಿದ. ಅದು ಕಾಕಾನಿಗೆ ತಾನಾಗಿಯೇ ಕೇಳಿಸಿತು, ಏರಿಸಿ ಸರಿಮಾಡಿದರು. ಗೌಡರು ಮನೆಗೆ ಬಂದರು. ಆಮೇಲೆ ಐದು, ನಾಲ್ಕು, ಮೂರು. ತಂತಿ ಅಂದಷ್ಟೇ ನಾನು ಭೂಂ ಅನ್ನುತ್ತಿದ್ದೆ, ಅವರು ಗೌಡರ ದನಿಗೆ ಅದನ್ನು ಹೋಲಿಸಿ ಸ್ಕ್ರೂ ತಿರುಗಿಸುತ್ತಿದ್ದರು. ಸ್ಪೀಕರಿನ ಮೇಲೆ ಚುರಮರಿಯೂ ಇತ್ತು, ಹಳೇ ರೂಢಿ. ಕಾಕೂ ಅವರ ಬಲಗಡೆ ಕೂತಿದ್ದರು.

ಎರಡನೇ ತಂತಿಗೆ ತೊಂದರೆ ಬಂತು. ಎಷ್ಟು ಇಳಿಸಿದರೂ ಜೋರು. ಡೇನಿಯಲ್ ಗಡಿಯಾರ ನೋಡಿದ. ಕಾಕಾನ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಇದ್ದದ್ದಕ್ಕಿಂತ ತಗ್ಗಿಸಿ, ಸರಿಯಾಯಿತು ಅನ್ನುವಷ್ಟು ಭೂಂ ಅಂದೆ. ಕಾಕಾ ತಲೆ ಆಡಿಸಿದರು. ಆದರೆ ಕೈ ಬಿಡಲಿಲ್ಲ, ಇನ್ನೂ ಅರೆಸುತ್ತು ಇಳಿಸಿ, ಮೀಟು ಅಂದರು. ನಾನು ಮತ್ತೆ ಅಷ್ಟೇ ಭೂಂ ಅಂದೆ.

"ಸ್ಕ್ರೂ ಇಳೀತು, ಚುರಮರಿ ಮೊದಲಿಗಿಂತ ಗಿಡ್ಡ ಹಾರ್ತು. ನಿನ್ನ ದನಿ ಅಲ್ಲೇ ನಿಂತೈತಿ" ಅಂದರು. "ಒಂದ ತಂತಿ ಹೆಚ್ಚಾತೋ ಕಡಿಮ್ಯಾತೋ ಅನ್ನೋದು ಚುರಮರಿಗೆ ಗೊತ್ತೈತಿ. ಯಾರದು ಸುಳ್ಳು?"

ನಾನು ತಲೆ ತಗ್ಗಿಸಿದೆ. ಡೇನಿಯಲ್ ಏನೋ ಹೇಳಲು ಹೋದ, ಕಾಕಾ ಕೈಯೆತ್ತಿ ತಡೆದರು.

"ನನ್ನ ಕನಿಕರಕ್ಕ ದನಿ ಇಳಿಸಿದೆಲ್ಲಾ, ಅದು ಮೊನ್ನೆ ನಗಸಿದ್ದಕ್ಕಿಂತ ಕೆಟ್ಟ ನಕಲಿ. ನನ್ನ ಕಿವಿ ಆಗಾಕ ಬಂದೀ. ಕಿವಿಗೆ ಕರುಳು ಇರಬಾರದು ಮಗನ. ಇದ್ದಷ್ಟ ಹೇಳು."

ಇದ್ದಷ್ಟೇ ಹೇಳಿದೆ. ಎರಡನೆಯದಕ್ಕೆ ಇನ್ನೂ ಮುಕ್ಕಾಲು ಸುತ್ತು ಬೇಕಾಯಿತು. ಒಂದನೆಯದಕ್ಕೆ ಪೂರಾ ಎರಡು ಸುತ್ತು. ಕೊನೆಗೆ ಡೇನಿಯಲ್ ಉಕ್ಕಿನ ತುಂಡನ್ನು ಆರರಿಂದ ಒಂದರತನಕ ಒಂದೇ ಉಸಿರಿನಲ್ಲಿ ಜಾರಿಸುತ್ತ ನುಡಿಸಿದ. ಎಲ್ಲೂ ಹೊಸ್ತಿಲು ಎಡವಲಿಲ್ಲ. ಆಮೇಲೆ ಬಿಚ್ಚಿಟ್ಟ ಗಡಿಯಾರವನ್ನು ಕೈಗೆ ಕಟ್ಟಿಕೊಂಡು, ಎದ್ದು, ಕಾಕಾನ ಬಲಗಡೆಗೆ ಹೋಗಿ ನಿಂತು, ತನ್ನ ದಪ್ಪ ದನಿಯನ್ನು ಇನ್ನೂ ದಪ್ಪ ಮಾಡಿ ಹೇಳಿದ: "ಪುಣಾಕ್ಕ ಹೋಗಂಗಿಲ್ಲ ರಿ ಕಾಕಾ."

ಇನ್ನು ಅಲುಗಬಾರದೆಂದು ಕಾಕಾ ಆರೂ ಸ್ಕ್ರೂಗಳ ಮೇಲೆ ಒಂದೊಂದು ಹನಿ ಅರಗು ಬಿಟ್ಟು ಮುದ್ರೆ ಒತ್ತಿದರು. ಮರುದಿನ ಅಂಗಡಿಯ ಬಾಗಿಲಿಗೆ ಒಂದು ಹಲಗೆ ತೂಗುಬಿಟ್ಟರು. ಸುಣ್ಣದಲ್ಲಿ ಅವರ ಕೈಯಕ್ಷರ: "ಬಲಕ್ಕ ನಿಂತು ಮಾತಾಡ್ರಿ." ಊರು ನಾಲ್ಕು ದಿನ ಆಡಿಕೊಂಡಿತು. ಐದನೇ ದಿನದಿಂದ ಬಲಕ್ಕೆ ನಿಂತು ಮಾತಾಡಿತು. ರೇಡಿಯೋಗಳಿಗೆ ಬೇಸರವಾಗುವುದೇನೂ ನಿಲ್ಲಲಿಲ್ಲವಲ್ಲ. ಕೆಲವರು ಎಡಗಡೆ ಇದ್ದಾಗಲೂ ಸುತ್ತು ಹಾಕಿ ಬಲಕ್ಕೆ ಬಂದು ನಮಸ್ಕಾರ ಹೇಳಿ ಹೋಗುವ ಮಟ್ಟಕ್ಕೆ ಅದು ರೂಢಿಯಾಯಿತು. ನನ್ನ ಚ್ಯಾಷ್ಟಿಗಳನ್ನು ಅವರು ಮತ್ತೆ ಎರಡು ಸಲ ಹೇಳಿಸಲಿಲ್ಲ. ಮೊದಲನೇ ಸಲವೇ ಕೇಳಿ, ಅರ್ಧಕ್ಕರ್ಧ ಚ್ಯಾಷ್ಟಿಗೆ ನಗಲೇ ಇಲ್ಲ. ನನ್ನ ಯೋಗ್ಯತೆ ತಿಳಿದದ್ದು ಆಗ.

ಅವರ ನಕಲಿಯನ್ನು ನಾನು ಸ್ಟೇಜಿನ ಮೇಲೆ ಮತ್ತೆ ಮಾಡಲಿಲ್ಲ. ಮಾಡೋ, ಮಾಡೋ ಎಂದು ಅವರೇ ಒತ್ತಾಯ ಮಾಡಿದರೂ ಮಾಡಲಿಲ್ಲ.

ಅವರು ಹೋದ ಐದನೇ ದಿನ ಗೋಪನಕೊಪ್ಪಕ್ಕೆ ಹೋಗಿದ್ದೆ. ಮಣ್ಣಿಗೆ ಬಂದ ಬೀಗರು ಹೊರಟುಹೋಗಿದ್ದರು. ಡೇನಿಯಲ್ ನನಗಿಂತ ಮೊದಲೇ ಬಂದು ಗಿಟಾರಿನ ಪೆಟ್ಟಿಗೆ ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದ. ಅರಗು ಆರೂ ಸ್ಕ್ರೂಗಳ ಮೇಲೆ ಹಾಗೇ ಇದೆ ಎಂದು ಕಾಕೂಗೆ ತೋರಿಸಲು ತಂದಿದ್ದನಂತೆ. ಕಾಕೂ ಅದನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನನಗೆ ಅಂದರು, ಅವತ್ತು ಧಾರವಾಡದಲ್ಲಿ ಮಾಡಿದೆಯಲ್ಲ, ಅದನ್ನು ಮಾಡು.

ನಾನು ಡೇನಿಯಲ್ ಕಡೆ ನೋಡಿದೆ. ಅವನು ನೆಲ ನೋಡಿದ.

ಗೋಡೆಗೆ ಒತ್ತಿ ಕಾಕಾನ ಕುರ್ಚಿ ಇತ್ತು. ಹೋಗಿ ಕೂತೆ. ಮೇಜಿನ ಮೇಲಿದ್ದ ಅವರ ಸ್ಕ್ರೂ ಡ್ರೈವರನ್ನು ಎಡಗಿವಿಗೆ ಸಿಗಿಸಿದೆ. ತಲೆಯನ್ನು ಅವರು ವಾಲಿಸುತ್ತಿದ್ದಷ್ಟೇ ಬಲಕ್ಕೆ ವಾಲಿಸಿದೆ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಅವರ ದನಿಯಲ್ಲಿ, ಅವರಿಗಿದ್ದಷ್ಟೇ ದನಿಯಲ್ಲಿ, "ಇನ್ನೊಮ್ಮೆ ಹೇಳು, ಮಜಾ ಐತಿ" ಅಂದೆ.

ಕಾಕೂ ಎದ್ದು ಬಂದು ನನ್ನ ಬಲಗಡೆ ಕೂತರು.